ಸ್ವಿಚ್ ಆಫ್ ಮಾಡಿದರೂ ಆರದ ಬಿಸಿ

ಕಾರವಾರದ ಹತ್ತಿರದ ಕೈಗಾ ಅಣು ವಿದ್ಯುತ್ ಸ್ಥಾವರದ ಮಾತು ಬಂತು ಅಂದರೆ ಜನ ಎರಡು ಪಾಳಯ. ಒಬ್ಬರಿಗೆ ಅದು ಇವತ್ತಲ್ಲ ನಾಳೆ ಸಿಡಿಯುವ ಹಿರೋಶಿಮಾ. ಇನ್ನೊಬ್ಬರಿಗೆ ಪ್ರಶ್ನೆ ಕೇಳಿದವರೆಲ್ಲ ಅಭಿವೃದ್ಧಿಯ ವೈರಿಗಳು. ಕೇಳಬೇಕಾದ ಪ್ರಶ್ನೆಯೊಂದನ್ನು ಬಿಟ್ಟು ಇಬ್ಬರೂ ಕಿತ್ತಾಡುತ್ತಾರೆ ಅನ್ನುವುದೇ ನನ್ನ ತಕರಾರು.

ಬಾಂಬಿನ ವಿಷಯ ಮೊದಲು ಮುಗಿಸಿಬಿಡೋಣ. ಯುರೇನಿಯಂ-235 ಪರಮಾಣುವಿನ ಬೀಜಕ್ಕೆ (ನ್ಯೂಕ್ಲಿಯಸ್‌ಗೆ) ನ್ಯೂಟ್ರಾನ್ ಕಣ ತಾಗಿದರೆ ಅದು ಎರಡು ಹೋಳಾಗುತ್ತದೆ. ಶಾಖ ಬರುತ್ತದೆ, ಜೊತೆಗೆ ಎರಡೋ ಮೂರೋ ಹೊಸ ನ್ಯೂಟ್ರಾನ್ ಹೊರಬಿದ್ದು ಬೇರೆ ಬೀಜಗಳನ್ನು ಒಡೆಯುತ್ತವೆ. ವಿದಳನ ಅಂದರೆ ಇಷ್ಟೇ. ಗಣಿಯ ಯುರೇನಿಯಂನಲ್ಲಿ ಈ 235 ಇರುವುದು ಶೇ. 0.7 ಮಾತ್ರ, ಬಾಂಬಿಗೆ ಶೇ. 90ರ ಆಸುಪಾಸು ಬೇಕು. ಕೈಗಾದ್ದು ಆ 0.7ರ ಸರಕು, ಅದೂ ಭಾರಜಲ (ತೂಕದ ಹೈಡ್ರೋಜನ್ ಇರುವ ನೀರು) ನ್ಯೂಟ್ರಾನುಗಳ ವೇಗ ತಗ್ಗಿಸಿಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಅದು ಹಿರೋಶಿಮಾ ಆಗುವ ಮಾತೇ ಇಲ್ಲ.

ಹಾಗಂತ ಶಕ್ತಿ ಕಮ್ಮಿಯದಲ್ಲ. ಇಂಧನದ ಒಂದು ಕಟ್ಟು ಅರ್ಧ ಮೀಟರ್ ಉದ್ದ, ಬೆರಳು ದಪ್ಪದ 19 ಕೊಳವೆಗಳು. ಅಷ್ಟರಿಂದ ಸುಮಾರು ಆರು ಲಕ್ಷ ಯೂನಿಟ್ ಕರೆಂಟ್! ಕಲ್ಲಿದ್ದಲಾದರೆ ನಾಲ್ಕುನೂರು ಟನ್ ಸುಡಬೇಕು. ರಿಯಾಕ್ಟರ್ ಓಡುತ್ತಿರುವಾಗಲೇ ಒಂದು ತುದಿಯಿಂದ ಹೊಸ ಕಟ್ಟು ತುರುಕಿ, ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯುತ್ತಾರೆ. 1ನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದು ಇದರಿಂದಲೇ ಸಾಧ್ಯವಾಯಿತು. (ಆ ದಾಖಲೆ ಮುರಿದ ಕೆನಡಾದವರದೂ ಭಾರಜಲದ ರಿಯಾಕ್ಟರೇ.)

ಅಸಲಿ ವಿಷಯ ಈಗ. ನ್ಯೂಟ್ರಾನ್ ಹೀರುವ ನಿಯಂತ್ರಣದ ಸರಳುಗಳನ್ನು ಇಳಿಸಿದರೆ ಸೆಕೆಂಡುಗಳಲ್ಲಿ ವಿದಳನ ನಿಲ್ಲುತ್ತದೆ. ಬಿಸಿ ನಿಲ್ಲುವುದಿಲ್ಲ. ಒಡೆದ ಹೋಳುಗಳೇ ವಿಕಿರಣಶೀಲ, ಅವು ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಗಳಿಗೆಯಲ್ಲಿ ಪೂರ್ಣ ಶಾಖದ ಶೇ. 6-7, ಒಂದು ಗಂಟೆ ಕಳೆದ ಮೇಲೆ ಸುಮಾರು ಶೇ. ಒಂದೂವರೆ, ಒಂದು ದಿನ ಕಳೆದರೂ ಶೇ. ಅರ್ಧದಷ್ಟು. 220 ಮೆಗಾವಾಟ್ ವಿದ್ಯುತ್ ಕೊಡುವ ಕೈಗಾದ ಒಂದು ಘಟಕದ ಒಟ್ಟು ಶಾಖ 750 ಮೆಗಾವಾಟ್ ಹತ್ತಿರ. ಅಂದರೆ ಮರುದಿನವೂ ಒಳಗೆ ಸಾವಿರಾರು ಗೀಸರ್ ಒಟ್ಟಿಗೆ ಉರಿಯುತ್ತಿರುವ ಲೆಕ್ಕ. ನೀರು ಹರಿಯುತ್ತಲೇ ಇರಬೇಕು.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪವಾದ ತಕ್ಷಣ, ಓಡುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ಬಂದ್ ಆಗಿದ್ದವು. ಹೊರಗಿನ ಕರೆಂಟ್ ಹೋಯಿತು, ಸುನಾಮಿ ನೀರು ಡೀಸೆಲ್ ಜನರೇಟರುಗಳಿಗೆ ನುಗ್ಗಿತು, ಪಂಪುಗಳು ನಿಂತವು, ಮೂರು ರಿಯಾಕ್ಟರುಗಳ ಇಂಧನ ಕರಗಿತು. ಆಮೇಲೆ ಟಿವಿಯಲ್ಲಿ ಕಂಡ ಸ್ಫೋಟ ಹೈಡ್ರೋಜನ್ ಅನಿಲದ್ದು.

"ಸಮ್ಮಿಲನ ಬಂದರೆ ಈ ರಗಳೆಯೇ ಇರಲ್ಲ" ಅನ್ನುವವರೂ ಇದ್ದಾರೆ. ಹಗುರ ಬೀಜಗಳನ್ನು ಬೆಸೆಯುವ ಆ ದಾರಿ ಚೆಂದವೇ. 2022ರ ಡಿಸೆಂಬರಿನಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಶಕ್ತಿಯ ಲೇಸರ್ ಹಾಯಿಸಿ, ಸಮ್ಮಿಲನದಿಂದ 3.15 ಮೆಗಾಜೂಲ್ ಪಡೆದರು. ಆದರೆ ಆ ಲೇಸರಿಗೇ ಸುಮಾರು 300 ಮೆಗಾಜೂಲ್ ವಿದ್ಯುತ್ ಸುರಿದಿದ್ದರು. ಅದನ್ನು ನಂಬಿ ಈಗಿನ ಕೆಲಸ ಮುಂದಕ್ಕೆ ಹಾಕುವ ಹಾಗಿಲ್ಲ.

ಕೈಗಾದ 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟಿನವು. ಈ ಮಾದರಿಯಲ್ಲಿ ಪಂಪಿನ ಹಂಗಿಲ್ಲದೆ, ಎತ್ತರದ ತೊಟ್ಟಿಗಳ ನೀರಿನಿಂದಲೇ ಬಿಸಿ ಇಳಿಸುವ ಏರ್ಪಾಡಿದೆ. ಒಳ್ಳೆಯದೇ. ಕಾರವಾರದ ಕಡೆಯವರು ಬಾಂಬಿನ ಮಾತು ಬಿಟ್ಟು ಇದನ್ನು ಕೇಳಲಿ: ಆ ತೊಟ್ಟಿಯ ನೀರು ಎಷ್ಟು ಹೊತ್ತಿಗೆ ಸಾಕು? ಹಳೆಯ ಇಂಧನ ಮುಳುಗಿಸಿಟ್ಟ ಕೊಳಕ್ಕೆ ಏನು ಗತಿ? ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಬಂದಾದ ದಿನ ಡೀಸೆಲ್ ಟ್ಯಾಂಕರ್ ಯಾವ ದಾರಿಯಲ್ಲಿ ಬರುತ್ತದೆ?