ಹಾವು ‘ಆವು’ ಆದಾಗ

ರಜೆಗೆ ಊರಿಗೆ ಹೋಗಿದ್ದಾಗ ನಾಲ್ಕು ವರ್ಷದ ಮಗಳು ಚೀಲದಿಂದ ಟ್ಯಾಬ್ ತೆಗೆದಿದ್ದೇ ತಡ, ಅಕ್ಕ ಕೇಳಿಯೇಬಿಟ್ಟಳು: “ಏನೋ, ಮಗುವಿಗೆ ಅಆಇಈ ಕಲಿಸುವುದಕ್ಕೂ ಯಂತ್ರ ಬೇಕಾಯಿತೇ ನಿನಗೆ?” ಮಾತು ಚುರುಕ್ಕೆಂದಿತು. ಏಕೆಂದರೆ ಅದೇ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಅವಳ ಐದು ವರ್ಷದ ಮಗ ಮೊಬೈಲ್ ಮುಂದೆ ಬಾಯಿ ತೆರೆದುಕೊಂಡು ಕುಳಿತಿದ್ದ. ಅರ್ಧ ಗಂಟೆಯಿಂದ ಅವನ ಗೊಡವೆಗೆ ಯಾರೂ ಹೋಗಿರಲಿಲ್ಲ.

ನಾವಿರುವ ಕಡೆಯ ಶಿಶುವಿಹಾರದಲ್ಲಿ ಟ್ಯಾಬ್ ಹೊರಬರುವುದು ದಿನಕ್ಕೆ ಹದಿನೈದು ನಿಮಿಷ. ಇಬ್ಬರು ಮಕ್ಕಳಿಗೆ ಒಂದು, ಪಕ್ಕದಲ್ಲಿ ಶಿಕ್ಷಕಿ. ಆಕೆಗೆ ಕನ್ನಡದ ಗಂಧಗಾಳಿಯೂ ಇಲ್ಲ. ಆದರೂ, “ಮನೆಯ ಮಾತಿನಲ್ಲೇ ಒಂದು ಕಥೆ ಹೇಳಿಸಿ, ಧ್ವನಿ ಮುದ್ರಿಸಿಕೊಂಡು ಬನ್ನಿ” ಎಂದರು. ಮಗಳು ತಾನು ಬರೆದ ಚಿತ್ರದ ಫೋಟೋ ತೆಗೆದು ಅದಕ್ಕೆ ಮಾತು ಸೇರಿಸಿದಳು: “ಆವು ಬಂತು.” ತನ್ನ ದನಿಯನ್ನೇ ಮರಳಿ ಕೇಳಿಸಿಕೊಂಡಾಗ ತಲೆ ಓರೆ ಮಾಡಿದಳು. ನಾನು ‘ಹಾ’ ಎಂದು ಟೈಪ್ ಮಾಡಿ ತೋರಿಸಿದೆ. ನಾಲ್ಕು ಸಲ ಅಳಿಸಿದಳು. ಐದನೆಯ ಸಲ ಹಾವು ನಿಜವಾಗಿಯೂ ಬಂತು, ಪರದೆಗೆ ಉಸಿರು ತಾಗುವಷ್ಟು ಜೋರಾಗಿ.

‘ಅಜ್ಜಿ’ ಎಂದು ಟೈಪ್ ಮಾಡಲು ಐದು ಗುಂಡಿ ಒತ್ತಬೇಕು: ಅ, ಜ, ಅರ್ಧಾಕ್ಷರದ ಗುರುತು, ಇನ್ನೊಂದು ಜ, ಗುಡಿಸು. ಎರಡನೆಯ ಜ ಮೊದಲನೆಯದರ ಕಾಲಡಿಗೆ ಜಾರಿ ಕೂರುವುದನ್ನು ನೋಡಲೆಂದೇ ಇವಳು ಅಳಿಸಿ ಅಳಿಸಿ ಒತ್ತುತ್ತಾಳೆ. ನಾನು ಒತ್ತಕ್ಷರವನ್ನು ಹತ್ತು ಸಲ ಬರೆದು ಕಲಿತವನು. ಅದು ಅಲ್ಲಿಗೆ ಹೇಗೆ ಬಂತೆಂದು ನನಗೆ ಯಾರೂ ತೋರಿಸಿರಲಿಲ್ಲ.

ನಮ್ಮವರ ಪಾಲಿಗೆ ಪರದೆ ಎಂದರೆ ಮಗುವಿನ ಗಲಾಟೆ ನಿಲ್ಲಿಸುವ ಸಾಧನ, ಅಕ್ಷರವೆಂದರೆ ಸ್ಲೇಟು. ಒಂದೇ ಪರದೆಯ ಮುಂದೆ ಅಪ್ಪನೋ ಅಮ್ಮನೋ ಮಗುವಿನ ಜೊತೆ ಕುಳಿತುಕೊಳ್ಳಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಇದನ್ನೇ ಹೇಳಿದೆ. ಅಕ್ಕ ಬಿಟ್ಟಾಳೆಯೇ? ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯನ್ನು ಹುಡುಕಿ ಓದಿ ಹೇಳಿದಳು. ಮಗನ ಕೈಯಿಂದ ಕಿತ್ತುಕೊಂಡ ಅದೇ ಮೊಬೈಲಿನಲ್ಲಿ!

ಆದರೆ ಒಂದು ಮಾತನ್ನು ನುಂಗಿಕೊಂಡಿದ್ದೇನೆ. ಅಕ್ಷರ ತಿದ್ದಿಸುವ ಆಪ್‌ನಲ್ಲಿ ಮಗಳಿಗೆ ನಕ್ಷತ್ರಗಳ ಸುರಿಮಳೆ. ಚುಕ್ಕಿಗಳ ಮೇಲೆ ಬೆರಳು ಹರಿದರೆ ಸಾಕು, ಬಾಲದಿಂದ ತಲೆಗೆ ಎಳೆದರೂ ಅದಕ್ಕೆ ಸರಿಯೇ. ಅಂದು ಸಂಜೆ ಅಕ್ಕ ಅವಳ ಕೈಗೆ ಬಳಪ ಕೊಟ್ಟಳು. ‘ಅ’ ಅರ್ಧಕ್ಕೇ ನಿಂತಿತು. ಎತ್ತ ತಿರುಗಬೇಕೆಂದು ಕೈಗೆ ಗೊತ್ತಿರಲಿಲ್ಲ. ಮೊಬೈಲ್ ಹೋದ ಮುನಿಸಿನಲ್ಲಿದ್ದ ಅಕ್ಕನ ಮಗ ಬಂದು, ಮಾತಿಲ್ಲದೆ ಅವಳ ಕೈ ಹಿಡಿದು, ಒಂದೇ ಎಳೆತದಲ್ಲಿ ತಿದ್ದಿಸಿದ.

ಅಕ್ಕ ಏನೂ ಹೇಳಲಿಲ್ಲ. ಹೇಳಿದ್ದರೆ ವಾದಿಸಬಹುದಿತ್ತು.