ಎಫ್‌ಟಿಒ ಮತ್ತು ಬೊಜ್ಜು: ಒಂದು ಸ್ಪಷ್ಟನೆ

‘ಎಫ್‌ಟಿಒ ಎಂಬ ಬೊಜ್ಜಿನ ಜೀನ್ ಇರುವವರು ದಪ್ಪಗಾಗುವುದು ಖಚಿತ, ಅವರಿಗೆ ಪಥ್ಯ, ವ್ಯಾಯಾಮ ಎಲ್ಲವೂ ವ್ಯರ್ಥ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದು ತಪ್ಪು.

ಈ ಜೀನ್ ಎಲ್ಲರಲ್ಲೂ ಇರುತ್ತದೆ. ಅದರಿಂದ ತಯಾರಾಗುವ ಕಿಣ್ವವು ಜೀನ್‌ಗಳ ಸೂಚನೆಯನ್ನು ಹೊತ್ತೊಯ್ಯುವ ಆರ್‌ಎನ್‌ಎ ಅಣುವಿನ ಅಡೆನಿನ್ ಎಂಬ ಘಟಕಕ್ಕೆ ಅಂಟಿಕೊಂಡಿರುವ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕನ್ನು ತೆಗೆದುಹಾಕುತ್ತದೆ ಎಂಬುದು 2011ರಲ್ಲಿ ತಿಳಿದುಬಂತು. ತೂಕದೊಂದಿಗೆ ನಂಟಿರುವುದು ಜೀನಿನ ಒಂದು ರೂಪಭೇದಕ್ಕೆ, ಅಂದರೆ ತುಸು ಬದಲಾದ ರೂಪಕ್ಕೆ ಮಾತ್ರ. 2007ರಲ್ಲಿ ಪ್ರಕಟವಾದ, ಸುಮಾರು 39,000 ಮಂದಿಯನ್ನು ಒಳಗೊಂಡ ಅಧ್ಯಯನದ ಪ್ರಕಾರ, ತಂದೆ ತಾಯಿ ಇಬ್ಬರಿಂದಲೂ ಆ ರೂಪವನ್ನು ಪಡೆದ ವಯಸ್ಕರ ತೂಕ, ಅದು ಇಲ್ಲದವರಿಗಿಂತ ಸರಾಸರಿ 3 ಕಿಲೋಗ್ರಾಂನಷ್ಟು ಹೆಚ್ಚಿತ್ತು. ಸರಾಸರಿ ಎಂದ ಮೇಲೆ ಅದು ಯಾರೊಬ್ಬರ ಹಣೆಬರಹವೂ ಅಲ್ಲ. ಆ ರೂಪಭೇದವಾದರೂ ಕಿಣ್ವದ ರಚನೆಯನ್ನು ಬದಲಿಸುವುದಿಲ್ಲ. ಅದು ಐಆರ್‌ಎಕ್ಸ್‌3 ಮತ್ತು ಐಆರ್‌ಎಕ್ಸ್‌5 ಎಂಬ ಬೇರೆ ಜೀನ್‌ಗಳ ಮೂಲಕ ಕೊಬ್ಬಿನ ಕೋಶಗಳ ಮೇಲೆ ಪ್ರಭಾವ ಬೀರುತ್ತದೆಂದು 2015ರ ಸಂಶೋಧನೆ ತೋರಿಸಿತು.

ವ್ಯಾಯಾಮ ವ್ಯರ್ಥ ಎಂಬ ಮಾತಂತೂ ತೀರಾ ತಲೆಕೆಳಗಾದುದು: 2 ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ, ದೈಹಿಕವಾಗಿ ಚಟುವಟಿಕೆಯಿಂದಿರುವವರಲ್ಲಿ ಈ ರೂಪಭೇದದಿಂದ ಹೆಚ್ಚಾಗುವ ಬೊಜ್ಜಿನ ಸಂಭವವು, ಚಟುವಟಿಕೆ ಇಲ್ಲದವರಿಗೆ ಹೋಲಿಸಿದರೆ, ಸುಮಾರು ಶೇ. 27ರಷ್ಟು ಕಡಿಮೆಯಾಗಿತ್ತು.

ಆದ್ದರಿಂದ ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.