ನಮ್ಮದೇ ಉತ್ಸವ, ಕುರ್ಚಿ ಜೋಡಿಸುವವರೂ ನಾವೇ

ನಮ್ಮ ವಿಶ್ವವಿದ್ಯಾಲಯದ ಕಲೆ, ಮಾನವಿಕ ಮತ್ತು ಶಿಕ್ಷಣ ಉತ್ಸವ ಮುಗಿಯಿತು. "ಅಭೂತಪೂರ್ವ ಯಶಸ್ಸು" ಅಂತ ಮೇಲಿನವರಿಂದ ಅಭಿನಂದನೆಯ ಪತ್ರವೂ ಬಂತು. ಅದನ್ನು ಓದಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಈ ಉರಿ ಆರುವಂತೆ ಕಾಣುತ್ತಿಲ್ಲ.

ನಾನು ಇತಿಹಾಸ ಪಾಠ ಮಾಡುತ್ತೇನೆ. ಕಾಯಂ ಕೆಲಸವಲ್ಲ, ವರ್ಷ ವರ್ಷ ನವೀಕರಿಸುವ ಗುತ್ತಿಗೆ. ಉತ್ಸವ ಅಂದರೆ ನಮ್ಮ ವಿಷಯಗಳ ಹಬ್ಬ, ನಾವು ವರ್ಷವೆಲ್ಲ ಮಾಡುವ ಕೆಲಸವನ್ನು ನಾಲ್ಕು ಜನರ ಮುಂದೆ ಇಡುವ ಅವಕಾಶ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಯಾವ ಕಾರ್ಯಕ್ರಮ ಇರಬೇಕು, ಯಾರು ಮಾತಾಡಬೇಕು, ಎಷ್ಟು ಹೊತ್ತು ಮಾತಾಡಬೇಕು ಎನ್ನುವುದನ್ನೆಲ್ಲ ಪ್ರಚಾರ ವಿಭಾಗದವರು ಮತ್ತು ಹೊರಗಿನಿಂದ ಬಂದ ಈವೆಂಟ್ ಕಂಪನಿಯವರು ಕೂತು ತೀರ್ಮಾನಿಸಿದರು. ನಮ್ಮ ವಾಟ್ಸಾಪ್ ಗುಂಪಿಗೆ ಬಂದದ್ದು ಡ್ಯೂಟಿ ಪಟ್ಟಿ. ಇತಿಹಾಸ ವಿಭಾಗಕ್ಕೆ ಕುರ್ಚಿ ಮತ್ತು ವೇದಿಕೆ. ಭಾಷಾ ವಿಭಾಗಕ್ಕೆ ನೋಂದಣಿ ಮೇಜು. ತತ್ವಶಾಸ್ತ್ರದ ಹಿರಿಯ ಮೇಡಂಗೆ ಗೇಟಿನಲ್ಲಿ ನಿಂತು ಅತಿಥಿಗಳನ್ನು ಕರೆತರುವ ಕೆಲಸ. ತರ್ಕಶಾಸ್ತ್ರದಲ್ಲಿ ಅವರಷ್ಟು ಓದಿಕೊಂಡವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಅವರು ಕೈಯಲ್ಲಿ ಹೆಸರಿನ ಫಲಕ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು.

ಕುರ್ಚಿ ಹಾಕುವುದು ಕೀಳು ಕೆಲಸ ಅಂತ ಹೇಳುತ್ತಿಲ್ಲ. ಯಾರಾದರೂ ಹಾಕಲೇಬೇಕು. ಆದರೆ ಕುರ್ಚಿ ಹಾಕಿದವನಿಗೆ ಅದರಲ್ಲಿ ಕೂತು ಒಂದು ಪ್ರಶ್ನೆ ಕೇಳುವ ಹಕ್ಕಾದರೂ ಬೇಡವೇ?

ಉದ್ಘಾಟನೆಯಲ್ಲಿ ವೇದಿಕೆ ಹತ್ತಿದವರೆಲ್ಲ ಒಂದೇ ಮಾತು ಹೇಳಿದರು. ಮಾನವಿಕ ವಿಷಯಗಳೇ ವಿಶ್ವವಿದ್ಯಾಲಯದ ಆತ್ಮವಂತೆ. ಆತ್ಮಕ್ಕೆ ಸಂಬಳ ಕೊಡಬೇಕಾಗಿಲ್ಲ, ಕೋಣೆ ಕೊಡಬೇಕಾಗಿಲ್ಲ, ಅದಕ್ಕೇ ಇರಬೇಕು ಈ ಬಿರುದು. ಭಾಷಾಶಾಸ್ತ್ರದವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ. ನಾವು ಓದುತ್ತಿದ್ದ ಸಂಶೋಧನಾ ಪತ್ರಿಕೆಗಳ ಚಂದಾ ಸದ್ದಿಲ್ಲದೆ ನಿಂತುಹೋಗಿದೆ. ಕೇಳಿದರೆ "ಬಜೆಟ್ ಇಲ್ಲ". ಆದರೆ ಡ್ರೋನ್ ಕ್ಯಾಮೆರಾಗೆ ಇತ್ತು. ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆಗೂ ಇತ್ತು.

ಇನ್ನು ಭಾಷಣಗಳು. ಎಲ್ಲವೂ ಹೊತ್ತು ಮೀರಿದವು. ಮೀರಿದ ಹೊತ್ತನ್ನು ಎಲ್ಲಿಂದ ಕತ್ತರಿಸಬೇಕು? ವಿದ್ಯಾರ್ಥಿಗಳ ಗೋಷ್ಠಿಯಿಂದ! ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಹಳೆಯ ಕೋರ್ಟ್ ದಾಖಲೆಗಳನ್ನು ಓದಿ, ಹೆಣ್ಣುಮಕ್ಕಳು ಆಸ್ತಿಗಾಗಿ ಹೇಗೆ ವಾದ ಮಾಡುತ್ತಿದ್ದರು ಅಂತ ಬರೆದಿದ್ದಾಳೆ. ಕೂಡಿಸಿ ಕೂಡಿಸಿ ಬರೆಯುವ ಹಳೆಯ ಮೋಡಿ ಅಕ್ಷರದಂತೆ ಹೆಣೆದುಕೊಂಡ ಕೈಬರಹ ಅದು, ಒಂದೊಂದು ಹಾಳೆಗೆ ದಿನಗಟ್ಟಲೆ ಹಿಡಿಯುತ್ತದೆ. ಹದಿನೈದು ನಿಮಿಷಕ್ಕೆ ತಯಾರಾಗಿ ಬಂದಿದ್ದಳು. ಮೈಕಿನ ಹತ್ತಿರ ಹೋದಾಗ ನಿರೂಪಕಿ ನಗುನಗುತ್ತಾ "ಮೂರೇ ನಿಮಿಷ ಪ್ಲೀಸ್" ಅಂದಳು.

ಮೂರು ನಿಮಿಷದಲ್ಲಿ ಸಂಶೋಧನೆ ಹೇಳಲು ಬರುವುದಿಲ್ಲ ಅಂತಲ್ಲ. ಅದಕ್ಕೇ ಒಂದು ಸ್ಪರ್ಧೆ ಇದೆ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಈಗ ಹಲವಾರು ದೇಶಗಳಲ್ಲಿ ನಡೆಯುತ್ತದೆ. ಒಂದೇ ಸ್ಲೈಡ್, ಮೂರು ನಿಮಿಷ, ಮೀರಿದರೆ ಸ್ಪರ್ಧೆಯಿಂದ ಹೊರಗೆ. ಆದರೆ ಅಲ್ಲಿ ಹೋಗುವವರು ಅಷ್ಟಕ್ಕೇ ಅಂತ ತಿಂಗಳುಗಟ್ಟಲೆ ಮಾತು ತಿದ್ದಿ ತಿದ್ದಿ ಹೋಗುತ್ತಾರೆ. ಮೆಟ್ಟಿಲು ಹತ್ತುವಾಗ ಹನ್ನೆರಡು ನಿಮಿಷ ಕಿತ್ತುಕೊಂಡರೆ ಅದು ಸ್ಪರ್ಧೆಯೂ ಅಲ್ಲ, ಗೋಷ್ಠಿಯೂ ಅಲ್ಲ. ಅವಳು ಪೀಠಿಕೆ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಶ್ನೋತ್ತರವನ್ನು "ಸಮಯದ ಅಭಾವದಿಂದ" ಕೈಬಿಟ್ಟರು. ನಮ್ಮ ವಿಷಯಗಳಲ್ಲಿ ಪ್ರಶ್ನೆಯೇ ತೆಗೆದುಬಿಟ್ಟರೆ ಉಳಿಯುವುದೇನು? "ಇದಕ್ಕೆ ಆಧಾರ ಏನು, ಬೇರೆ ಅರ್ಥ ಸಾಧ್ಯವಿಲ್ಲವೇ" ಅಂತ ಕೇಳುವುದೇ ನಮ್ಮ ಕಸುಬು. ಅಂದಹಾಗೆ, ಸಂಜೆಯ ಡಿಜೆ ಮಾತ್ರ ಕರೆಕ್ಟ್ ಟೈಮಿಗೆ ಶುರುವಾಯಿತು.

ಇದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಶಿಕ್ಷಣ ವಿಭಾಗದ ಮಳಿಗೆ ನೋಡಿ. ಅಲ್ಲಿ ಆಳೆತ್ತರದ ಒಂದು ಫ್ಲೆಕ್ಸ್. ಬಣ್ಣಬಣ್ಣದ ಪಿರಮಿಡ್. ಓದಿದ್ದರಲ್ಲಿ ಶೇ 10ರಷ್ಟು ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ 20ರಷ್ಟು, ಹೀಗೇ ಕೆಳಗಿಳಿದಂತೆ ಅಂಕಿ ಏರುತ್ತಾ ಹೋಗಿ ಮಾಡಿದ್ದರಲ್ಲಿ ಶೇ 90ರಷ್ಟು. ಕೆಳಗೆ ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಹೆಸರು. ನೀವೂ ಎಲ್ಲೋ ನೋಡಿರುತ್ತೀರಿ. ಡೇಲ್ 1946ರಲ್ಲಿ ಕಲಿಕೆಯ ಅನುಭವಗಳನ್ನು ಒಂದು ಶಂಕುವಿನ ಆಕಾರದಲ್ಲಿ ಜೋಡಿಸಿ ತೋರಿಸಿದ್ದು ನಿಜ. ಆದರೆ ಅದರಲ್ಲಿ ಒಂದೇ ಒಂದು ಶೇಕಡಾ ಅಂಕಿ ಇರಲಿಲ್ಲ. ಅಂಕಿಗಳನ್ನು ಬೇರೆ ಯಾರೋ ಅದಕ್ಕೆ ಅಂಟಿಸಿದರು. ಆಮೇಲೆ ಅದು ಸ್ಲೈಡಿನಿಂದ ಸ್ಲೈಡಿಗೆ ಓಡಾಡಿಕೊಂಡಿದೆ. ಮನುಷ್ಯನ ನೆನಪು ಹತ್ತು, ಇಪ್ಪತ್ತು, ಮೂವತ್ತು ಅಂತ ಇಷ್ಟು ಅಚ್ಚುಕಟ್ಟಾಗಿ ಅಳತೆಗೆ ಸಿಗುತ್ತದೆಯೇ ಅಂತ ಒಂದು ಕ್ಷಣ ಯೋಚಿಸಿದರೂ ಅನುಮಾನ ಬರಬೇಕು.

ಪಕ್ಕದಲ್ಲೇ ಇನ್ನೊಂದು. ಶಿಕ್ಷಣ ಅಂದರೆ ಬಕೆಟ್ ತುಂಬಿಸುವುದಲ್ಲ, ಬೆಂಕಿ ಹಚ್ಚುವುದು ಅಂತ ಕವಿ ಯೇಟ್ಸ್ ಹೇಳಿದರಂತೆ. ಯೇಟ್ಸ್ ಬರವಣಿಗೆಯಲ್ಲಿ ಹುಡುಕಿದವರಿಗೆ ಆ ಮಾತು ಸಿಕ್ಕಿಲ್ಲ. ಅದಕ್ಕೆ ಹತ್ತಿರದ ಮಾತು ಇರುವುದು ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್‌ನಲ್ಲಿ. ಮನಸ್ಸು ತುಂಬಿಸಬೇಕಾದ ಪಾತ್ರೆಯಲ್ಲ, ಹೊತ್ತಿಸಬೇಕಾದ ಕಟ್ಟಿಗೆ ಅಂತ ಅವನು ಬರೆದ. ತಮಾಷೆ ಅಂದರೆ, ಅವನ ಆ ಪ್ರಬಂಧ ಇರುವುದೇ ಉಪನ್ಯಾಸವನ್ನು ಹೇಗೆ ಕೇಳಬೇಕು ಎನ್ನುವುದರ ಬಗ್ಗೆ.

ಶಿಕ್ಷಣ ವಿಭಾಗದ ಸಹೋದ್ಯೋಗಿ ಉತ್ಸವ ಶುರುವಾಗುವ ಮುಂಚೆಯೇ ಇವೆರಡನ್ನೂ ನೋಡಿ, ಸಂಯೋಜಕರ ಹತ್ತಿರ ಹೋಗಿ, "ಸರ್, ಇದು ತಪ್ಪು, ತೆಗೆಸಿ" ಅಂದರು. ಬಂದ ಉತ್ತರ: "ಡಿಸೈನ್ ಚೆನ್ನಾಗಿದೆ ಮೇಡಂ, ಯಾರು ಓದ್ತಾರೆ, ಇರಲಿ ಬಿಡಿ." ಶಿಕ್ಷಣದ ಉತ್ಸವದಲ್ಲಿ, ನಾಳೆ ಶಿಕ್ಷಕರಾಗುವ ಮಕ್ಕಳ ಮುಂದೆ! ಆ ಮಕ್ಕಳೆಲ್ಲ ಪಿರಮಿಡ್ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಅದೇ ಪಿರಮಿಡ್ ಇನ್ನು ಅವರ ಪಾಠಗಳಲ್ಲಿ ಬರುತ್ತದೆ, ಅವರ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಬರುತ್ತದೆ. ಅಂದಹಾಗೆ, ಅದೇ ವಾರ ಅವರಿಗೆ ಶಾಲೆಗಳಲ್ಲಿ ಅಭ್ಯಾಸ ಪಾಠ ಇತ್ತು. ಸಭಾಂಗಣ ತುಂಬಬೇಕು ಅಂತ ಅದನ್ನು ಮುಂದೂಡಿದರು. ಹಾಜರಾತಿ ಕಡ್ಡಾಯ, ಬಾಗಿಲಲ್ಲಿ ಕ್ಯೂಆರ್ ಸ್ಕ್ಯಾನ್. ಒಳಗೆ ಹೋದವರು ಮೊಬೈಲ್ ನೋಡುತ್ತಾ ಕೂತರು. ಅವರನ್ನು ಹೇಗೆ ಬೈಯಲಿ?

ಉತ್ಸವವೇ ಬೇಡ ಅನ್ನುವವನಲ್ಲ ನಾನು. ಬ್ರಿಟನ್ನಿನಲ್ಲಿ 2014ರಿಂದ "ಬೀಯಿಂಗ್ ಹ್ಯೂಮನ್" ಅಂತ ಮಾನವಿಕ ವಿಷಯಗಳ ಉತ್ಸವ ನಡೆಯುತ್ತದೆ. ಲಂಡನ್ ವಿಶ್ವವಿದ್ಯಾಲಯದವರ ಮುಂದಾಳತ್ವ. ಸಂಶೋಧಕರೇ ತಮ್ಮ ಕೆಲಸವನ್ನು ಊರಿನ ಜನರ ಮಧ್ಯೆ ತೆಗೆದುಕೊಂಡು ಹೋಗುತ್ತಾರೆ. ಅಂದರೆ ಮಾಡಲು ಬರುತ್ತದೆ. ಸಂಶೋಧಕರ ಕೈಗೆ ಕುರ್ಚಿ ಬದಲು ಮೈಕ್ ಕೊಡಬೇಕು, ಅಷ್ಟೇ.

ಈ ಹೊಗಳಿಕೆಯ ಭಾಷಣಗಳೂ ನನಗೆ ಭಯ ಹುಟ್ಟಿಸುತ್ತವೆ, ಸುಮ್ನೆ ಅಲ್ಲ. 2015ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ತನ್ನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ಮಾನವಿಕ, ಸಮಾಜ ವಿಜ್ಞಾನ, ಶಿಕ್ಷಕರ ತರಬೇತಿ ವಿಭಾಗಗಳನ್ನು ಮುಚ್ಚಿ, ಇಲ್ಲವೇ ಸಮಾಜಕ್ಕೆ ಹೆಚ್ಚು ಬೇಕಾದ ವಿಷಯಗಳಿಗೆ ಬದಲಾಯಿಸಿ ಅಂತ. ವಿಜ್ಞಾನಿಗಳು ವಿರೋಧಿಸಿದರು. ದೊಡ್ಡ ಉದ್ಯಮಿಗಳ ಒಕ್ಕೂಟವೂ ಇದು ನಮಗೆ ಬೇಡ ಅಂದಿತು. ಆಮೇಲೆ ಸಚಿವಾಲಯ ಸಮಜಾಯಿಷಿ ಕೊಡಬೇಕಾಯಿತು. ಆಸ್ಟ್ರೇಲಿಯಾ 2020ರಲ್ಲಿ ಕಾನೂನು ಮಾಡಿ ಇತಿಹಾಸ, ತತ್ವಶಾಸ್ತ್ರದಂಥ ವಿಷಯಗಳಿಗೆ ಹೊಸದಾಗಿ ಸೇರುವವರ ಶುಲ್ಕವನ್ನು ಶೇ 113ರಷ್ಟು ಏರಿಸಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ 28 ಕೋರ್ಸ್‌ಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ತೆಗೆದುಹಾಕಲು ತೀರ್ಮಾನಿಸಿತು. ವಿದೇಶಿ ಭಾಷೆಗಳಿಗೆ ಬಲವಾದ ಏಟು ಬಿತ್ತು. ನಮ್ಮಲ್ಲಿ ಯಾರೂ ಹೀಗೆ ಮುಚ್ಚುತ್ತೇವೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ಹುದ್ದೆ ಖಾಲಿ ಬಿಡುತ್ತಾರೆ, ಚಂದಾ ನಿಲ್ಲಿಸುತ್ತಾರೆ, ವರ್ಷಕ್ಕೊಮ್ಮೆ ಆತ್ಮ ಅಂತ ಕರೆದು ಚಪ್ಪಾಳೆ ಹೊಡೆಸುತ್ತಾರೆ. ವಿರೋಧಿಸಲು ಒಂದು ಪತ್ರವಾದರೂ ಕೈಗೆ ಸಿಗಬೇಕಲ್ಲ?

ನಾವು ಕೇಳಿದ್ದು ದೊಡ್ಡದೇನಲ್ಲ. ವಿದ್ಯಾರ್ಥಿಗಳ ಗೋಷ್ಠಿ ಮೊದಲು ಇರಲಿ, ಭಾಷಣ ಆಮೇಲೆ. ಫ್ಲೆಕ್ಸ್ ಪ್ರಿಂಟಿಗೆ ಹೋಗುವ ಮುಂಚೆ ಆಯಾ ವಿಭಾಗದವರು ಒಮ್ಮೆ ಓದಲಿ. ಪ್ರಶ್ನೆಗೆ ಅಂತ ಒಂದು ಗಂಟೆ ಇಡಿ, ಅದನ್ನು ಯಾರೂ ಮುಟ್ಟಬೇಡಿ. ಅವಲೋಕನ ಸಭೆಯಲ್ಲಿ ತತ್ವಶಾಸ್ತ್ರದ ಮೇಡಂ ಇದನ್ನು ಹೇಳಲು ಎದ್ದು ನಿಂತರು. "ಸಲಹೆಗಳನ್ನು ಫಾರಂನಲ್ಲಿ ಹಾಕಿ ಮೇಡಂ" ಅಂತ ಕೂರಿಸಿದರು.

ಆ ಫಾರಂ ನಿನ್ನೆ ಬಂತು. ವೇದಿಕೆ ಅಲಂಕಾರ ಹೇಗಿತ್ತು, ಧ್ವನಿ ವ್ಯವಸ್ಥೆ ಹೇಗಿತ್ತು, ಸೆಲ್ಫಿ ಜಾಗ ಹೇಗಿತ್ತು. ಎಲ್ಲದಕ್ಕೂ ಒಂದರಿಂದ ಐದು ಸ್ಟಾರ್. ಬರೆಯಲು ಒಂದು ಸಾಲಿನ ಜಾಗವೂ ಇಲ್ಲ. ಹೆಸರು, ವಿಭಾಗ, ಸಿಬ್ಬಂದಿ ಸಂಖ್ಯೆ ಕಡ್ಡಾಯ. ನನ್ನ ಗುತ್ತಿಗೆ ನವೀಕರಣದ ಕಡತಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಈಗ ನೀವೇ ಹೇಳಿ, ಎಷ್ಟು ಸ್ಟಾರ್ ಒತ್ತಲಿ?